ಉಂಡ ಮನೆಯ ಜಂತೆ

1960ರಲ್ಲಿ ಧಾರವಾಡದ ಹುಡುಗನೊಬ್ಬ ಇಂಗ್ಲೆಂಡಿಗೆ ಹೊರಟ. ಗಣಿತ, ಸಂಖ್ಯಾಶಾಸ್ತ್ರ ಓದಿ ಬಿ.ಎ. ಮುಗಿಸಿದ್ದ. ಹೊರಡುವ ಗಡಿಬಿಡಿಯ ದಿನಗಳಲ್ಲೇ ಒಂದು ಕನ್ನಡ ನಾಟಕ ಬರೆದ. ಅಪ್ಪನ ಮುಪ್ಪನ್ನು ಮಗ ಹೊರುವ ಕಥೆ. ನಾಟಕ ‘ಯಯಾತಿ’, ಹುಡುಗ ಗಿರೀಶ ಕಾರ್ನಾಡ. ಆಕ್ಸ್‌ಫರ್ಡಿನಲ್ಲಿ ಮೂರು ವರ್ಷ ಅವರನ್ನು ಓದಿಸಿದ್ದು ರೋಡ್ಸ್ ವಿದ್ಯಾರ್ಥಿವೇತನ.

ಚೆನ್ನಾಗಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಹೆಸರು ಇಂದಿಗೂ ಕೇಳಿಬರುತ್ತದೆ. ಪ್ರಪಂಚದಾದ್ಯಂತ ವರ್ಷಕ್ಕೆ ನೂರಕ್ಕೂ ಹೆಚ್ಚು ಯುವಕ ಯುವತಿಯರಿಗೆ ಅದು ಸಿಗುತ್ತದೆ. ಅರ್ಜಿ ಹೇಗೆ, ಅಂಕ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಈ ರೋಡ್ಸ್ ಯಾರು, ಅವನಿಗೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಬಂದದ್ದು ನೆಲದೊಳಗಿಂದ. ಪೆನ್ಸಿಲಿನ ‘ಸೀಸ’ ಎನ್ನುತ್ತಾರಲ್ಲ, ಅದರಲ್ಲಿರುವುದು ಸೀಸವಲ್ಲ, ಗ್ರಾಫೈಟ್, ಅಂದರೆ ಇಂಗಾಲ. ಅದೇ ಇಂಗಾಲ ನೂರೈವತ್ತು ಕಿಲೋಮೀಟರಿಗಿಂತ ಆಳದಲ್ಲಿ ವಿಪರೀತ ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿದರೆ ವಜ್ರ. ಅದನ್ನು ಮೇಲಕ್ಕೆ ತರುವ ಜ್ವಾಲಾಮುಖಿ ಕಲ್ಲಿಗೆ ಕಿಂಬರ್ಲೈಟ್ ಎಂದು ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನಿಂದ. ಅಲ್ಲಿನ ಗಣಿಯನ್ನು ಗುದ್ದಲಿ ಸಲಿಕೆಗಳಿಂದಲೇ ಸುಮಾರು 240 ಮೀಟರ್ ಆಳದವರೆಗೆ ತೋಡಿದರು. 1914ರಲ್ಲಿ ಮುಚ್ಚುವವರೆಗೆ ಆ ಗಣಿ ಸುಮಾರು 2,700 ಕಿಲೋ ವಜ್ರ ಕೊಟ್ಟಿತು.

ಸೆಸಿಲ್ ರೋಡ್ಸ್ ಪಾದ್ರಿಯೊಬ್ಬರ ಮಗ. ಆರೋಗ್ಯ ಸರಿಯಿಲ್ಲವೆಂದು ಹದಿನೇಳನೇ ವಯಸ್ಸಿನಲ್ಲಿ ಆಫ್ರಿಕಾಕ್ಕೆ ಬಂದವನು 1888ರ ಹೊತ್ತಿಗೆ ಡಿ ಬೀರ್ಸ್ ಕಂಪನಿ ಕಟ್ಟಿ ಕಿಂಬರ್ಲಿಯ ಗಣಿಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳತೊಡಗಿದ್ದ. ತೋಡಿದವರು ಕಪ್ಪು ಜನ. ಗುತ್ತಿಗೆ ಮುಗಿಯುವ ತನಕ ಅವರು ಬೇಲಿಯ ಆವರಣ ಬಿಟ್ಟು ಹೊರಗೆ ಹೋಗುವಂತಿಲ್ಲ. ವಜ್ರ ಆಚೆಗೆ ಎಸೆದಾರೆಂದು ಅಂಗಳದ ಮೇಲೂ ತಂತಿಬಲೆ. ಊರಿಗೆ ಹೊರಡುವ ಮುನ್ನ ಬೆತ್ತಲೆ ಮಾಡಿ ಕೆಲವು ದಿನ ಕೂಡಿಹಾಕಿ, ಹರಳು ನುಂಗಿದ್ದಾರೆಯೇ ಎಂದು ಮಲವನ್ನೂ ಜಾಲಾಡುತ್ತಿದ್ದರು. ಬಿಳಿಯ ಗಣಿಗಾರರಿಗೆ ಈ ಕಟ್ಟುಪಾಡು ಇರಲಿಲ್ಲ.

1890ರಲ್ಲಿ ರೋಡ್ಸ್ ಕೇಪ್ ವಸಾಹತಿನ ಪ್ರಧಾನಿಯಾದ. ಮತದಾನಕ್ಕೆ ಬೇಕಾದ ಆಸ್ತಿಯ ಮಿತಿಯನ್ನು 1892ರಲ್ಲಿ 25 ಪೌಂಡಿನಿಂದ 75ಕ್ಕೆ ಏರಿಸಲಾಯಿತು. ಯಾರ ಮತ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ. 1894ರ ಗ್ಲೆನ್ ಗ್ರೇ ಕಾಯಿದೆ, ಹೊರಗೆ ಕೂಲಿಗೆ ಹೋಗದ ಕಪ್ಪು ಗಂಡಸರ ಮೇಲೆ ಹತ್ತು ಷಿಲಿಂಗ್ ತೆರಿಗೆ ಹೇರಿತು.

1902ರಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ಉಯಿಲಿನಲ್ಲಿ ವಿದ್ಯಾರ್ಥಿವೇತನವಿತ್ತು. ಜನಾಂಗವನ್ನಾಗಲೀ ಧರ್ಮವನ್ನಾಗಲೀ ನೋಡಿ ಯಾರನ್ನೂ ತಳ್ಳಬಾರದು ಎಂದೂ ಬರೆದಿತ್ತು! ಅಲ್ಲಿ ಜನಾಂಗವೆಂದರೆ ಇಂಗ್ಲಿಷರು ಮತ್ತು ಡಚ್ ಮೂಲದ ಬೋಯರರು ಎಂದಷ್ಟೇ ಅವನ ಮನಸ್ಸಿನಲ್ಲಿದ್ದಿರಬೇಕು ಎನ್ನುತ್ತಾರೆ ಇತಿಹಾಸಕಾರರು. 1907ರಲ್ಲಿ ಅಲೈನ್ ಲಾಕ್ ಎಂಬ ಕಪ್ಪು ಅಮೆರಿಕನ್ ಆಯ್ಕೆಯಾದಾಗ ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನ ನಂತರ ಇನ್ನೊಬ್ಬ ಕಪ್ಪು ಅಮೆರಿಕನ್ನನ ಸರದಿ ಬರಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1977ರಲ್ಲಿ.

2015ರ ಮಾರ್ಚ್‌ನಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಅಲ್ಲಿನ ರೋಡ್ಸ್ ವಿಗ್ರಹದ ಮೇಲೆ ಮಲ ಸುರಿದ. ಹೇಸಿಗೆಯ ಕೆಲಸ, ನಿಜ. ಆದರೆ ತಿಂಗಳೊಳಗೆ, ಏಪ್ರಿಲ್ 9ರಂದು, ಕ್ರೇನು ಬಂದು ವಿಗ್ರಹವನ್ನು ಎತ್ತಿಕೊಂಡು ಹೋಯಿತು. ಚಳವಳಿ ಆಕ್ಸ್‌ಫರ್ಡಿಗೂ ಹಬ್ಬಿತು. ರೋಡ್ಸ್ ಓದಿದ, ಅವನಿಂದ ಒಂದು ಲಕ್ಷ ಪೌಂಡ್ ಪಡೆದ ಓರಿಯಲ್ ಕಾಲೇಜಿನ ಕಟ್ಟಡದ ಮೇಲೆ ಅವನ ಕಲ್ಲಿನ ವಿಗ್ರಹವಿದೆ. ಅದನ್ನು ಇಳಿಸಿ ಎಂದು ಕೂಗಿದವರ ಮುಂಚೂಣಿಯಲ್ಲಿ ರೋಡ್ಸ್ ವಿದ್ಯಾರ್ಥಿವೇತನದಲ್ಲೇ ಓದುತ್ತಿದ್ದ ದಕ್ಷಿಣ ಆಫ್ರಿಕಾದ ಯುವಕನೂ ಇದ್ದ.

ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ ಅಲ್ಲವೆ? ಪತ್ರಿಕೆಗಳು ಹಾಗೆಯೇ ಕೇಳಿದವು. ಅಷ್ಟು ಕೋಪವಿದ್ದರೆ ದುಡ್ಡು ಹಿಂದಿರುಗಿಸಲಿ ಎಂದವರೂ ಇದ್ದರು. ಅವನ ಉತ್ತರದ ತಾತ್ಪರ್ಯ ಇಷ್ಟು: ತಾನು ಉಣ್ಣುತ್ತಿರುವುದು ರೋಡ್ಸನದಲ್ಲ, ತನ್ನ ಜನರ ನೆಲದ್ದು, ಅವರ ದುಡಿಮೆಯದು. ಗಾದೆ ಹೇಳಿಕೊಟ್ಟ ಹಿರಿಯರು ಆ ಮನೆಗೆ ಜಂತೆ ಹೊತ್ತು ತಂದವರು ಯಾರು ಎಂಬ ಪ್ರಶ್ನೆಯನ್ನು ಎತ್ತಿರಲಿಲ್ಲ.

ವಿಗ್ರಹ ಇಳಿಯಲಿಲ್ಲ. 2020ರಲ್ಲಿ ಕಾಲೇಜಿನ ಆಡಳಿತ ಮಂಡಳಿ ತೆಗೆಯುವ ಪರ ಒಲವು ತೋರಿತು. 2021ರಲ್ಲಿ ಖರ್ಚು, ಪರವಾನಗಿಯ ತೊಡಕು ಎಂದು ಹಿಂದೆ ಸರಿಯಿತು. ಬದಲಿಗೆ ರೋಡ್ಸ್ ಎಂಥ ವಸಾಹತುಶಾಹಿ ಎಂದು ತಿಳಿಸುವ ಫಲಕವೊಂದು ಬಂತು.

ನೆಲ್ಸನ್ ಮಂಡೇಲಾ ಬೇರೊಂದು ದಾರಿ ಹಿಡಿದಿದ್ದರು. ರೋಡ್ಸ್ ಟ್ರಸ್ಟ್ ಆಫ್ರಿಕಾದ ಎಳೆಯರಿಗಾಗಿ ಹಣ ಕೊಡಲು ಮುಂದೆ ಬಂದಾಗ ಅವರು ಬೇಡವೆನ್ನಲಿಲ್ಲ. ತಮ್ಮ ಹೆಸರನ್ನೂ ಜೊತೆಗಿಟ್ಟರು. ಸಂಸ್ಥೆ ಮಂಡೇಲಾ ರೋಡ್ಸ್ ಫೌಂಡೇಷನ್ ಆಯಿತು. ಮಂಡೇಲಾ ಮೊದಲು, ರೋಡ್ಸ್ ಆಮೇಲೆ. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆಫ್ರಿಕಾದ ಹಲವು ದೇಶಗಳ ಮಕ್ಕಳು ಆ ಹಣದಲ್ಲಿ ಓದುತ್ತಿದ್ದಾರೆ. ಕಿಂಬರ್ಲಿಯ ದೊಡ್ಡ ಗುಂಡಿಯಲ್ಲಿ ನೀರು ನಿಂತಿದೆ. ಪ್ರವಾಸಿಗಳು ಟಿಕೆಟ್ ಕೊಂಡು ಅಂಚಿನಿಂದ ಇಣುಕಿ ನೋಡುತ್ತಾರೆ.