ಒಂದೂವರೆ ಗಂಟೆಯ ಸಫಾರಿ

ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್‌ಗೆ ಬರುವ ಆಗಸ್ಟ್‌ನಲ್ಲಿ ಹೋಗೋಣ ಅಂತ ತೀರ್ಮಾನಿಸಿದ್ದೇವೆ. ನಾನು ಲಂಡನ್‌ನಿಂದ, ಅಪ್ಪ-ಅಮ್ಮ ಮೈಸೂರಿನಿಂದ. ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿ, ಮುಂದಕ್ಕೆ ಬಾಡಿಗೆ ಕಾರು. ಹೊಟ್ಟೆಪಾಡಿಗೆ ಡೇಟಾ ಜೊತೆ ಗುದ್ದಾಡುವವನು ನಾನು. ಹಾಗಾಗಿ ಮೊದಲು ತೆರೆದದ್ದು ಎಕ್ಸೆಲ್ ಶೀಟ್.

ಕ್ರೂಗರ್ ಯಾಕೆ? ಬಂಡೀಪುರದಲ್ಲಿ ಸಫಾರಿ ಅಂದರೆ ಅವರ ಜೀಪು ಅಥವಾ ಬಸ್ಸು ಹತ್ತಬೇಕು. ಇಲ್ಲಿ ನಮ್ಮ ಕಾರನ್ನು ನಾವೇ ಓಡಿಸಬಹುದು. ಮುಖ್ಯ ರಸ್ತೆಗಳಿಗೆಲ್ಲ ಡಾಂಬರಿದೆ, ನಮ್ಮೂರಿನ ಹಾಗೆ ಎಡಗಡೆಯೇ ಹೋಗಬೇಕು. ಆಗಸ್ಟ್ ಯಾಕೆ? ಅಲ್ಲಿ ಅದು ಚಳಿಗಾಲದ ಕೊನೆ, ಮಳೆಯಿಲ್ಲದ ಕಾಲ. ಹುಲ್ಲು ಒಣಗಿರುವುದರಿಂದ ಪ್ರಾಣಿಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಸಣ್ಣ ಹೊಂಡಗಳು ಬತ್ತಿ, ಅವೆಲ್ಲ ನೀರಿಗಾಗಿ ನದಿಗೆ ಬರುತ್ತವೆ. ಸೊಳ್ಳೆಯೂ ಕಡಿಮೆ. ಆದರೂ ಅದು ಮಲೇರಿಯಾ ಇರುವ ಜಾಗ, ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಕಾಡಿನ ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ. ಇಪ್ಪತ್ತಕ್ಕೂ ಹೆಚ್ಚು ಬಂಡೀಪುರಗಳು ಹಿಡಿಸುತ್ತವೆ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ಒಂದೊಂದಕ್ಕೂ ಶೀಟ್‌ನಲ್ಲಿ ಒಂದು ಕಾಲಂ. ದಕ್ಷಿಣದ ಸ್ಕುಕುಜಾ ಕ್ಯಾಂಪಿನಿಂದ ಶುರು, ಅಲ್ಲಿಂದ ಸಿಂಹಗಳಿಗೆ ಹೆಸರಾದ ಸತಾರಾ, ಆಮೇಲೆ ಇನ್ನೂ ಉತ್ತರಕ್ಕೆ.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದರು.

"ನಿಮ್ಮಪ್ಪಂಗೆ ಒಂದೂವರೆ ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತ್ಕೊಳ್ಳೋಕೆ ಆಗಲ್ಲ ಕಣೋ. ಬಿ.ಪಿ. ಮಾತ್ರೆ ಬದಲಾಯಿಸಿದಾಗಿಂದ ಪದೇ ಪದೇ ಬಾತ್‌ರೂಮ್‌ಗೆ ಹೋಗ್ಬೇಕು. ನಿನಗೆ ಹೇಳ್ಬೇಡ ಅಂದಿದ್ದಾರೆ."

ಊರಲ್ಲಾದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿದರಾಯಿತು. ಕ್ರೂಗರ್‌ನಲ್ಲಿ ಕಾರಿನಿಂದ ಇಳಿಯುವ ಹಾಗೇ ಇಲ್ಲ. ಕ್ಯಾಂಪು, ಪಿಕ್ನಿಕ್ ಜಾಗ, ಬೋರ್ಡ್ ಹಾಕಿರುವ ಕೆಲವೇ ತಾಣಗಳಲ್ಲಿ ಮಾತ್ರ ಇಳಿಯಬಹುದು. ವೇಗದ ಮಿತಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40. ಪ್ರಾಣಿ ಕಂಡಲ್ಲೆಲ್ಲ ನಿಲ್ಲುತ್ತಾ ಹೋದರೆ ಗಂಟೆಗೆ 25 ದಾಟುವುದೂ ಕಷ್ಟ ಅಂತ ನನ್ನ ಲೆಕ್ಕ. ಅಂದರೆ ಒಂದೂವರೆ ಗಂಟೆಗೆ ಮೂವತ್ತೇಳು ಕಿ.ಮೀ.

ಶೀಟ್‌ಗೆ ಇನ್ನೊಂದು ಕಾಲಂ ಸೇರಿತು: ಮುಂದಿನ ಟಾಯ್ಲೆಟ್‌ಗೆ ಎಷ್ಟು ದೂರ. ಅದರ ಪ್ರಕಾರ ವಿಂಗಡಿಸಿದಾಗ ಮೇಲೆ ಬಂದದ್ದು ಸ್ಕುಕುಜಾದಿಂದ ಲೋವರ್ ಸಾಬಿಗೆ ಹೋಗುವ ರಸ್ತೆ. ಸುಮಾರು 45 ಕಿ.ಮೀ., ಉದ್ದಕ್ಕೂ ಸಾಬಿ ನದಿಯ ಪಕ್ಕದಲ್ಲೇ, ನಡುವೆ ನ್ಕುಹ್ಲು ಪಿಕ್ನಿಕ್ ಜಾಗ. ಲೋವರ್ ಸಾಬಿ ಕ್ಯಾಂಪಿನ ಗೇಟ್ ದಾಟಿದರೆ ಹತ್ತಿರದಲ್ಲೇ ಸನ್‌ಸೆಟ್ ಡ್ಯಾಮ್. ಕಾರಿನಲ್ಲಿ ಕೂತೇ ನೀರಾನೆ, ಮೊಸಳೆ ನೋಡಬಹುದು. ಅಲ್ಲಿ ಮೂರು ರಾತ್ರಿ, ಸ್ಕುಕುಜಾದಲ್ಲಿ ಎರಡು. ಸತಾರಾ ಕೈಬಿಟ್ಟೆ.

ಅಪ್ಪ ಅದನ್ನು ತಕ್ಷಣ ಗಮನಿಸಿದರು. "ಸಿಂಹ ಜಾಸ್ತಿ ಇರೋದು ಸತಾರಾದಲ್ಲಿ ಅಂದಿದ್ದೆ ಅಲ್ವಾ?"

"ಅಷ್ಟು ದೂರ ಡ್ರೈವ್ ಮಾಡೋಕೆ ನಂಗೆ ಸುಸ್ತಾಗತ್ತೆ ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಬೇಡ ಬಿಡು. ನಿನಗೂ ರಜಾ ತಾನೇ, ಆರಾಮಾಗಿರು."

ಅವರಿಗೆ ಗೊತ್ತಾಯಿತೋ ಇಲ್ಲವೋ, ನಾನು ಕೇಳಲಿಲ್ಲ. ರೂಮ್ ಬುಕ್ ಮಾಡಿ ಶೀಟ್ ಕಳಿಸುವ ಮುಂಚೆ ಆ ಕಾಲಂನ ಹೆಸರನ್ನು ಮಾತ್ರ 'ಟೀ' ಅಂತ ಬದಲಾಯಿಸಿದೆ.