ಗೆರ್ನಿಕಾದ ಓಕ್ ಮರ

ನನ್ನ ಮಗನಿಗೆ ಸ್ಪೇನಿನ ಬಿಲ್ಬಾವೊ ನಗರದಲ್ಲಿ ಕೆಲಸ. ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಅವನು ನನ್ನನ್ನೂ ಮೊಮ್ಮಗನನ್ನೂ ರೈಲಿನಲ್ಲಿ ಗೆರ್ನಿಕಾ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದ. ಅಂದು ಸೋಮವಾರ, ಅಲ್ಲಿ ಸಂತೆಯ ದಿನ. ಹಸಿ ಮೆಣಸಿನಕಾಯಿ, ಬೀನ್ಸ್, ಚೀಸ್ ಇಟ್ಟುಕೊಂಡು ಕುಳಿತ ಅಜ್ಜಿಯರನ್ನು ಕಂಡು ನನಗೆ ನಮ್ಮೂರ ಸಂತೆಯೇ ನೆನಪಾಯಿತು.

ಊರಿನ ಹಳೆಯ ಸಭಾಭವನದ ಅಂಗಳದಲ್ಲಿ ಕಂಬಗಳ ಮಂಟಪ. ಅದರೊಳಗೆ ಒಣಗಿದ ಮರದ ಬೊಡ್ಡೆ!

"ಸತ್ತ ಮರಕ್ಕೆ ಯಾಕಜ್ಜಿ ಮಂಟಪ?" ಎಂದ ಮೊಮ್ಮಗ.

ಮಗ ವಿವರಿಸಿದ. ಇದು ಬಾಸ್ಕ್ ಜನರ ನಾಡು. ಇಲ್ಲಿನ ಹಿರಿಯರು ಓಕ್ ಮರದ ಕೆಳಗೆ ಸಭೆ ಸೇರುತ್ತಿದ್ದರು. ರಾಜರು ಕೂಡ ಅಲ್ಲಿಗೆ ಬಂದು, 'ನಿಮ್ಮ ಕಟ್ಟಳೆಗಳನ್ನು ಗೌರವಿಸುತ್ತೇವೆ' ಎಂದು ಪ್ರಮಾಣ ಮಾಡುತ್ತಿದ್ದರು. ಬಾಸ್ಕ್ ಸರ್ಕಾರದ ಮುಖ್ಯಸ್ಥರು ಇಂದಿಗೂ ಅಲ್ಲೇ ಪ್ರಮಾಣವಚನ ಸ್ವೀಕರಿಸುತ್ತಾರೆ.

1937ರ ಏಪ್ರಿಲ್ 26 ಕೂಡ ಸೋಮವಾರವೇ. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಜನರಲ್ ಫ್ರಾಂಕೊನ ಪರವಾಗಿ ಬಂದ ಜರ್ಮನಿ, ಇಟಲಿಯ ವಿಮಾನಗಳು ಮೂರು ಗಂಟೆಗೂ ಹೆಚ್ಚು ಕಾಲ ಬಾಂಬು ಸುರಿಸಿದವು. ಊರಿನ ಬಹುಭಾಗ ಸುಟ್ಟುಹೋಯಿತು. ಆ ಸುದ್ದಿ ಕೇಳಿ ನೊಂದ ಪಿಕಾಸೊ ಬರೆದ 'ಗೆರ್ನಿಕಾ' ಚಿತ್ರ ಈಗ ಮ್ಯಾಡ್ರಿಡ್‌ನಲ್ಲಿದೆ. ಅದರ ಅಗಲ ಏಳು ಮೀಟರಿಗೂ ಹೆಚ್ಚು.

ಆದರೆ ಸಭಾಭವನ ಮತ್ತು ಅದರ ಮುಂದಿದ್ದ ಓಕ್ ಮರ ಉಳಿದುಕೊಂಡವು. 2004ರಲ್ಲಿ ಆ ಮರ ಸತ್ತಾಗ, ಅದರ ಬೀಜದಿಂದಲೇ ಬೆಳೆಸಿದ್ದ ಮರವನ್ನು ಅಲ್ಲಿ ನೆಟ್ಟರು. ಅದೂ ಬಾಳಲಿಲ್ಲ. 2015ರಲ್ಲಿ ಅದೇ ವಂಶದ ಇನ್ನೊಂದನ್ನು ನೆಟ್ಟರು. ನಾವು ನೋಡಿದ್ದು ಆ ಎಳೆಯ ಮರವನ್ನು.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಜ್ಜಿ, ಮನೆ ಕಟ್ಟುವಾಗ ನಮ್ಮ ಹಿತ್ತಲಿನ ಹಲಸಿನ ಮರ ಕಡಿಸಿದಿರಂತಲ್ಲ, ಅದರ ಬೀಜ ಇಟ್ಟಿದ್ದೀಯಾ?"

"ಎಲ್ಲವನ್ನೂ ಸಾರಿಗೆ ಹಾಕಿ ತಿಂದುಬಿಟ್ಟೆವು ಕಣೋ" ಎಂದೆ. ಮಗ ನಕ್ಕ. ನನಗೆ ನಗು ಬರಲಿಲ್ಲ. ಅದು ನಮ್ಮ ಮಾವನವರು ನೆಟ್ಟ ಮರ.

ಊರಿಗೆ ಮರಳಿದ ಮೇಲೆ ತಂಗಿಯ ಮನೆಗೆ ಹೋದೆ. ಹಿಂದೆಂದೋ ನಾವು ಕೊಟ್ಟ ಹಣ್ಣು ತಿಂದು ಅವಳು ಎಸೆದ ಬೀಜ ಅವರ ಹಿತ್ತಲಲ್ಲಿ ದೊಡ್ಡ ಮರವಾಗಿದೆ! ಅದರ ಹಣ್ಣಿನ ಎರಡು ಬೀಜ ತಂದು ಕುಂಡದಲ್ಲಿ ಹೂತೆ. ಈಗ ಸಸಿಗಳು ಗೇಣುದ್ದ ಆಗಿವೆ. ರಜೆಗೆ ಬಂದಾಗ ಮೊಮ್ಮಗನೇ ತನ್ನ ಕೈಯಾರೆ ನೆಡಲಿ ಎಂದು ಕಾಯುತ್ತಿದ್ದೇನೆ.