ಹಂಡೆಯ ಬಿಳಿ ಪದರ

ಜತ್ತದ ಆ ಮನೆಯಲ್ಲಿ ಕೊಳವೆಬಾವಿಯ ನೀರು ಬಲು ಗಡಸು. ಕಾಯಿಸಿದಾಗಲೆಲ್ಲ ಅದರೊಳಗಿನ ಸುಣ್ಣದಂಶ ಹಂಡೆಯ ಒಡಲಿಗೆ ಬಿಳಿ ಪದರವಾಗಿ ಅಂಟುತ್ತಿತ್ತು, ಸಾಬೂನು ನೊರೆಯೇಳುತ್ತಿರಲಿಲ್ಲ. ವೃದ್ಧ ತಾಯಿಯ ಒಣಚರ್ಮ ಕಂಡು ಮಗನು ನೀರನ್ನು ಮೆದುಗೊಳಿಸುವ ಯಂತ್ರ ತರಲು ಹೊರಟನು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಬಿಡುತ್ತದೆ. ಆಗಾಗ ಅದನ್ನು ಉಪ್ಪುನೀರಿನಿಂದ ತೊಳೆಯಬೇಕು.

“ಆ ಉಪ್ಪುನೀರು ಎಲ್ಲಿಗಿ ಹರೀತೈತಿ, ತಮ್ಮಾ?” ಎಂದಳು ತಾಯಿ.

ಹಿತ್ತಿಲ ಕರಿಬೇವು, ಬಾಳೆಗಳೆರಡೂ ಬಚ್ಚಲ ನೀರನ್ನೇ ನಂಬಿದ್ದವು. ಬರದ ಸೀಮೆಯಲ್ಲಿ ಅವುಗಳಿಗೆ ಬೇರೆ ನೀರಿಲ್ಲ. ಯಂತ್ರದ ಮಾತು ಅಲ್ಲಿಗೇ ನಿಂತಿತು.

ಈಗ ಮಾಳಿಗೆಯ ಮಳೆನೀರು ತೊಟ್ಟಿಗಿಳಿಯುತ್ತದೆ. ಖನಿಜವಿಲ್ಲದ ಆ ಮೆದು ನೀರು ತಾಯಿಯ ಸ್ನಾನಕ್ಕೆ ಮೀಸಲು. ಉಳಿದವರಿಗೆಲ್ಲ ಗಡಸು ನೀರೇ. ವಾರಕ್ಕೊಮ್ಮೆ ಹುಣಿಸೆಹುಳಿ ಹಚ್ಚಿ ಹಂಡೆಯನ್ನು ತಿಕ್ಕುವ ಕೆಲಸ ಮಗನದು.